ಹಿಂದಿನ ತುದಿಯ ಭಾರ

ಒಂದು ಊರು, ಅಲ್ಲೊಬ್ಬ ಸಾಹುಕಾರ. ಹೆಸರು ಕೇಳಬೇಡಿ, ಹೆಸರೇ ಅವನ ರೋಗ. ಹೊಸ ಮನೆ ಕಟ್ಟಿಸುತ್ತಿದ್ದ. ಎದುರುಮನೆಯವನ ಛಾವಣಿ ಬಾಗಿಲಿನಿಂದ ಐದಡಿ ಮುಂದಕ್ಕೆ ಚಾಚಿತ್ತು. ಇವನಿಗೆ ಹತ್ತಡಿ ಬೇಕು. ಅದೂ ಕಂಬವಿಲ್ಲದೆ!

“ಕಂಬ ಇದ್ರ ಯಾರೋ ನನ್ನ ಹಿಡಕೊಂಡು ನಿಂತಂಗ ಕಾಣತೈತಿ,” ಎಂದ.

ಮನೆ ಕಟ್ಟುವ ಗೌಂಡಿ ಅನುಭವಸ್ಥ. “ಆಗಲಿ ಧಣ್ಯಾರ. ಆದ್ರ ಸ್ಲ್ಯಾಬು ಹತ್ತಡಿ ಹೊರಗ ಬರಬೇಕಂದ್ರ ಇಪ್ಪತ್ತಡಿ ಒಳಗ ಇರಬೇಕು. ಹಿಂದಿನ ತುದಿ ಮ್ಯಾಲ ಒಂದು ಖೋಲಿ ಕಟ್ಟೂಣು. ಆ ಭಾರ ಹಿಂದ ಕುಂತ್ರ ಮುಂದಿಂದು ಅಳ್ಳಾಡಂಗಿಲ್ಲ,” ಎಂದ.

ಸಾಹುಕಾರನ ಹೆಂಡತಿಗೆ ಖುಷಿಯೋ ಖುಷಿ. ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು, ಆ ಕೋಣೆ ತನಗಿರಲಿ ಎಂದಳು. ಸಾಹುಕಾರ ನಕ್ಕುಬಿಟ್ಟ. “ಹಿಂದ ಕಟ್ಟಿದ್ದು ಯಾರಿಗೆ ಕಾಣತೈತಿ?”

ಖೋಲಿ ರದ್ದಾಯಿತು. ಒಳಗಿನ ಇಪ್ಪತ್ತಡಿ ಹನ್ನೆರಡಕ್ಕೆ ಇಳಿಯಿತು. ಖೋಲಿಗೆಂದು ತಂದ ಕಲ್ಲು ಎಲ್ಲಿಗೆ ಹೋಯಿತು? ಮುಂದಿನ ತುದಿಗೆ! ಅವನ ಹೆಸರು ಕೆತ್ತಿಸಿ ಅಲ್ಲಿ ನಿಲ್ಲಿಸಿದರು. ಒಂದೊಂದು ಅಕ್ಷರ ಒಂದೊಂದು ಆಳಿನಷ್ಟು ಭಾರ. ಗೌಂಡಿ ಬೇಡ ಬೇಡವೆಂದ, ಕೇಳುವವರು ಯಾರು?

ಗೃಹಪ್ರವೇಶದ ದಿನ ಸಾಹುಕಾರ ಗೆಳೆಯರೊಂದಿಗೆ ಛಾವಣಿಯ ತುದಿಗೆ ಹೋಗಿ, ಹಾರ ಹಾಕಿಕೊಂಡು, ಬೀದಿಯವರಿಗೆ ಕೈ ಬೀಸುತ್ತಿದ್ದ. ಕಾಲಕೆಳಗೆ ಛಾವಣಿ ಮೆಲ್ಲಗೆ ತಗ್ಗಿತು, ಮತ್ತೆ ಎದ್ದಿತು. ಜೊತೆಗಿದ್ದವನೊಬ್ಬ ಏನೆಂದ ಗೊತ್ತೇ?

“ಏನ್ ಸಾಹುಕಾರ್ರ, ಸ್ಲ್ಯಾಬು ಸೈತ ನಿಮಗ ತಲಿ ಬಾಗತೈತಲ್ಲ!”

ಚಪ್ಪಾಳೆಯೋ ಚಪ್ಪಾಳೆ. ಛಾವಣಿಯ ಕುಣಿತ ಇನ್ನೂ ಜೋರಾಯಿತು.

ಮನೆಯ ಹಿಂಬದಿಯ ಅಡುಗೆಮನೆಯಲ್ಲಿ ಹೆಂಡತಿ ತಲೆಯೆತ್ತಿ ನೋಡಿದಳು. ಗೋಡೆಗೂ ಛಾವಣಿಗೂ ನಡುವೆ ಬಿಸಿಲಿನ ಗೆರೆಯೊಂದು ಮೂಡಿತು, ಮರೆಯಾಯಿತು, ಮತ್ತೆ ಮೂಡಿತು. ಮುಂದೆ ತಗ್ಗಿದಾಗೆಲ್ಲ ಹಿಂದಿನ ತುದಿ ಗೋಡೆ ಬಿಟ್ಟು ಏಳುತ್ತಿತ್ತು. ಅವಳು ಅಂಗಳಕ್ಕೆ ಓಡಿಬಂದು ಕೂಗಿದಳು.

“ರೀ, ಅಡಗಿಮನಿ ಗ್ವಾಡಿ ಮ್ಯಾಲಿಂದ ಬಿಸಲು ಬರಾಕತ್ತೈತಿ!”

“ಬೆಳಕ ಬಂದ್ರ ಚಲೋ ಆತಲ್ಲ!”

ನೋಡಿ, ಮೇಲೆ ನಿಂತವನಿಗೆ ಕೆಳಗಿನವರ ಮಾತು ಹೇಗೆ ಕೇಳಿಸುತ್ತದೆ ನೋಡಿ!

ಊಟಕ್ಕೆ ಬಂದಿದ್ದ ಗೌಂಡಿ ಮಾತ್ರ ಎಲೆ ಬಿಟ್ಟು ಓಡಿಬಂದ. “ಮ್ಯಾಲಿದ್ದವ್ರು ಓಡಬ್ಯಾಡ್ರಿ, ಜಿಗೀಬ್ಯಾಡ್ರಿ! ಕೆಳಗಿನ ಮಂದಿ ದೂರ ಸರೀರಿ! ಅಕ್ಕಾರ, ಅಡಗಿಮನಿ ಮಂದೀನೆಲ್ಲ ಹಿಂದಿನ ತುದಿ ಮ್ಯಾಲ ಕುಂಡ್ರಸ್ರಿ!”

ಹಿಂದಿನ ಮೆಟ್ಟಿಲು ಹತ್ತಿ ಇಪ್ಪತ್ತೈದು ಹೆಂಗಸರು ಬಂದರು. ಕೈಯಲ್ಲಿ ಹೂರಣ, ಸೆರಗಿನಲ್ಲಿ ಹಿಟ್ಟು. ಹಿಂದಿನ ಅಂಚಿನಲ್ಲಿ ಸಾಲಾಗಿ ಕುಳಿತರು. ಛಾವಣಿ ಗೋಡೆಯ ಮೇಲೆ ಕುಳಿತಿತು, ಕುಣಿತ ನಿಂತಿತು. ಹೊಗಳಿದವರು ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು, ಈಚೆ ಬಂದರು. ಎಲ್ಲರಿಗಿಂತ ಮುಂದೆ ನಿಂತವನದು ಕೊನೆಯ ಸರದಿ. ಸಾಹುಕಾರ ಹೆಜ್ಜೆ ಎತ್ತುವ ಮೊದಲು ಹಿಂದಿನ ಸಾಲಿಗೆ ಕೈ ಮುಗಿದು ಕೂಗಿದ.

“ಏಳಬ್ಯಾಡ್ರೆವ್ವಾ! ಯಾರೂ ಏಳಬ್ಯಾಡ್ರಿ!”

“ಏಳಂಗಿಲ್ಲ, ಬರ್ರಿ,” ಎಂದಳು ಹೆಂಡತಿ. “ಆದ್ರ ಲಗೂ ಬರ್ರಿ. ಒಲಿ ಮ್ಯಾಲ ಸಾರು ಐತಿ.”

ಮರುವಾರವೇ ಹೆಸರಿನ ಕಲ್ಲುಗಳು ಕೆಳಗಿಳಿದವು. ಅದೇ ಕಲ್ಲಿನಿಂದ ಹಿಂದೆ ಹೊಲಿಗೆಯ ಖೋಲಿ ಎದ್ದಿತು. ಅಕ್ಷರಗಳೆಲ್ಲ ಸಿಮೆಂಟಿನ ಗಿಲಾವಿನೊಳಗೆ ಮುಚ್ಚಿಹೋದವು. ಮುಂದೆ ಎರಡು ಕಂಬಗಳೂ ಬಂದವು. ಕೇಳಿ ಹಾಕಿಸಿದವನು ಯಾರು? ಅದೇ ಸಾಹುಕಾರ!

ನಗುತ್ತಿದ್ದೀರಿ. ನಗಿ, ನಗಿ. ಹಾಗೇ ಈ ಪೆಂಡಾಲಿನ ಫ್ಯಾನುಗಳನ್ನೂ ಸ್ವಲ್ಪ ನೋಡಿ. ರೆಕ್ಕೆರೆಕ್ಕೆಗೂ ದಾನಿಗಳ ಹೆಸರು! ತಿರುಗಿದರೆ ಓದಲು ಬರುವುದಿಲ್ಲವೆಂದು ಒಬ್ಬರು ಸ್ವಿಚ್ ಆರಿಸಿ ಅದರ ಪಕ್ಕದಲ್ಲೇ ಕುಳಿತಿದ್ದಾರೆ. ನಾನು ಆಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದೇನೆ.

ನಿಮ್ಮ ಹಿಂದಿನ ತುದಿಯಲ್ಲಿ ಯಾರು ಕುಳಿತಿದ್ದಾರೆ? ಯಾವತ್ತಾದರೂ ತಿರುಗಿ ನೋಡಿದ್ದೀರಾ? ಅವರು ಎದ್ದುಹೋದರೆ ನೀವು ಎಷ್ಟು ಹೊತ್ತು ನಿಂತೀರಿ? ಇವತ್ತು ಮನೆಗೆ ಹೋದ ಮೇಲೆ ಬಡಿಸಿದವರು ಉಂಡರೇ ಎಂದು ಕೇಳಿ. ಅವರು ಎಂದೋ ಕೇಳಿದ್ದು, ನೀವು ನಕ್ಕು ಬಿಟ್ಟದ್ದು ಒಂದು ಇರುತ್ತದೆ, ಅದನ್ನು ಮಾಡಿಕೊಡಿ. ಹಿಂದೆ ಬಿಸಿಲು ಬರುತ್ತಿದೆ ಎಂದರೆ ಜಾಣತನದ ಉತ್ತರ ಕೊಡಬೇಡಿ, ಎದ್ದು ಹೋಗಿ ನೋಡಿ. ಮುಂದಕ್ಕೆ ಒಂದಡಿ ಚಾಚುವ ಮೊದಲು ಹಿಂದಕ್ಕೆ ಎರಡಡಿ ಹೋಗಿ.

ಈಗ ಆ ಸ್ವಿಚ್ಚಿನ ಪಕ್ಕದವರು ದಯವಿಟ್ಟು ಫ್ಯಾನ್ ಹಾಕಿ. ಹಿಂದಿನ ಸಾಲಿನ ತಾಯಂದಿರಿಗೆ ಗಾಳಿ ಬರಲಿ.