ತಟ್ಟುವ ಕೈ

“ನಿನ್ನ ಕತ್ತಿಗೆ ಹೆದರಿ ಬೀದಿಯವರೆಲ್ಲ ಗಡ್ಡ ಬಿಟ್ಟಿದಾರೆ! ಇನ್ನೂ ಆಪರೇಷನ್ ಬೇಡ ಅಂತೀಯಲ್ಲ, ನಾಚಿಕೆ ಆಗಲ್ವಾ?”

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದ್ದ ಹೆಂಗಸು ತನ್ನ ಅಣ್ಣನನ್ನು ಬೈಯುತ್ತಿದ್ದಳು. ಅವನು ಕ್ಷೌರಿಕ. ಬಲಗೈ ತಾನಾಗಿಯೇ ತೊಡೆಯನ್ನು ತಟ್ಟುತ್ತಿತ್ತು.

“ಕೈ ನಡುಕ ನಿಲ್ಲಿಸೋಕೆ ತಲೆಗೆ ತೂತು ಕೊರೀತಾರೆ ಕಣೇ. ಅಷ್ಟು ಹೊತ್ತೂ ಎಚ್ಚರವಾಗಿದ್ದು ಡಾಕ್ಟರ ಹತ್ರ ಮಾತಾಡ್ತಿರ್ಬೇಕಂತೆ.”

“ಕ್ಷೌರ ಮಾಡುವಾಗ ನೀನು ಬಾಯಿ ಮುಚ್ಚಿದ್ದು ಯಾವತ್ತು? ಅಲ್ಲೂ ಮಾತಾಡು.”

“ಅಮ್ಮ ನಮ್ಮನ್ನ ತಟ್ಟಿ ಮಲಗಿಸ್ತಿದ್ಲಲ್ಲ, ಈ ಕೈ ಹಾಗೇ ಆಡುತ್ತೆ. ಅಂಗಡಿ ಕನ್ನಡೀಲಿ ನೋಡಿದ್ರೆ ಅವಳೇ ಬಂದು ನಿಂತ ಹಾಗಿರುತ್ತೆ. ಇದನ್ನ ಹೇಗೆ ನಿಲ್ಲಿಸ್ಲಿ?”

“ಅಮ್ಮ ತಟ್ತಾ ಇರ್ಲಿಲ್ಲ ಅಣ್ಣಾ. ಅವಳಿಗೂ ಇದೇ ಕಾಯಿಲೆ. ನಡುಗೋದು ಯಾರಿಗೂ ಕಾಣ್ಬಾರ್ದು ಅಂತ ನಮ್ಮ ಬೆನ್ನ ಮೇಲೆ ಕೈ ಇಟ್ಕೊಂಡಿರ್ತಿದ್ಲು.”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡ! ನಿನಗೆ ಹೇಗೆ ಗೊತ್ತು?”

“ನಾನೂ ಈಗ ಮಗಳ ಬೆನ್ನ ಮೇಲೆ ಇಡ್ತೀನಿ.”

ಅವಳು ತೊಡೆಯ ಮೇಲಿದ್ದ ಚೀಲದ ಅಡಿಯಿಂದ ಕೈ ತೆಗೆದು ಅವನೆದುರು ಹಿಡಿದಳು. ಅದೂ ನಡುಗುತ್ತಿತ್ತು.

“ನೀನು ಮೊದಲು ಮಾಡಿಸ್ಕೋ ಅಣ್ಣಾ. ನಿನ್ನ ನೋಡಿಯಾದ್ರೂ ನಂಗೆ ಧೈರ್ಯ ಬರ್ಲಿ.”

ಅವನು ಎದ್ದ. “ನೀರು ಕುಡಿದು ಬರ್ತೀನಿ” ಎಂದ. ನಲ್ಲಿ ನಮ್ಮೆದುರೇ ಇತ್ತು. ಅದನ್ನು ದಾಟಿ ಮೆಟ್ಟಿಲಿಳಿದು ಹೋದ.

ನರ್ಸ್ ಬಂದು ಅವನನ್ನು ಕೂಗಿದಳು, ಮತ್ತೆ ಕೂಗಿದಳು. ಅವನು ಬರಲೇ ಇಲ್ಲ. ಕೊನೆಗೆ ತಂಗಿಯೇ ಎದ್ದು, ನರ್ಸ್‌ಗೆ ತನ್ನ ಕೈ ತೋರಿಸಿ ಒಳಗೆ ಹೋದಳು.