‘ನಮ್ಮಲ್ಲಿ ಬಂದ್ ಆಗತದ’

ವೇದಿಕೆಯ ನಡುವೆ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಅಧ್ಯಕ್ಷರಾದ ಮಾರ್ತಾಂಡರಾಯರೇ, ಬೆಳಗಾವಿಯಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ, ನನ್ನನ್ನು ಪರಿಚಯಿಸಿದ ಸುಮಂಗಲಾ ಅವರೇ, ಹಿಂದಿನಿಂದ ಒಗ್ಗರಣೆಯ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವದಲ್ಲಿ ಇಂದು ನನಗೆ ಸನ್ಮಾನ. ಯಾತಕ್ಕೆ? ಬಳಗಕ್ಕೆ ಪುಕ್ಕಟೆ ವೆಬ್‌ಸೈಟ್ ಮಾಡಿಕೊಟ್ಟೆ ಅಂತ. ಸುಮಂಗಲಾ ಅವರು ಈಗಷ್ಟೇ ಹೇಳಿದರು: ‘ನಮ್ಮ ಪ್ರೇಮಕುಮಾರ ಸರ ಎಂಥಾ ಸಂಸ್ಕಾರವಂತರು ನೋಡ್ರಿ! ಅರ್ಜಿ ತುಂಬಿದ ಮ್ಯಾಲೆ ಏನು ಬರತದ? “ನಿಮ್ಮ ಅರ್ಜಿ ತಲುಪಿತು. ದಯವಿಟ್ಟು ಈ ವಿಂಡೋವನ್ನು ನೀವೇ ಮುಚ್ಚಿರಿ.” ಇಷ್ಟು ಮರ್ಯಾದೀಲೆ ಯಾವ ವೆಬ್‌ಸೈಟ್ ಮಾತಾಡತದರಿ?’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಶಾಲಿನೊಳಗೆ ಹೆಗಲು ಮುಟ್ಟಿ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಅಂದಾಗ ಯಾರು ಹೆಗಲು ಮುಟ್ಟಿಕೊಳ್ಳುತ್ತಾರೆ, ನಿಮಗೆ ಗೊತ್ತೇ ಇದೆ.

ಜೇಬಿನಲ್ಲಿ ನಾಲ್ಕು ಪುಟದ ಭಾಷಣವಿದೆ. ಅದನ್ನು ಓದುವುದಿಲ್ಲ.

ಆ ಸಾಲನ್ನು ನಾನು ಮರ್ಯಾದೆಗಾಗಿ ಬರೆದದ್ದಲ್ಲ, ಸಭಿಕರೇ. ಸೋತು ಬರೆದದ್ದು. ಸೋತದ್ದನ್ನು ಮುಚ್ಚಿಡಲು ಬರೆದದ್ದು.

ಮೂವತ್ತೊಂದು ವರ್ಷ ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಇದೇ ಉದ್ಯೋಗ ಮಾಡಿದವನು. ‘ಸರ, ಇದು ನಡೀವಲ್ದು’ ಎಂದು ಯಾರು ಬಂದರೂ ನನ್ನದು ಒಂದೇ ಉತ್ತರ: ‘ನನ್ನ ಕಂಪ್ಯೂಟರಿನ್ಯಾಗ ನಡೀತದ.’ ನಿವೃತ್ತಿಯ ದಿನ ಸಹೋದ್ಯೋಗಿಗಳು ಆ ಮಾತನ್ನೇ ಚಹಾದ ಕಪ್ಪಿನ ಮೇಲೆ ಬರೆಸಿ ಕೊಟ್ಟರು. ನಾನು ಅದನ್ನು ಪ್ರೀತಿ ಅಂದುಕೊಂಡೆ! ಆ ಕಪ್ಪು ಇವತ್ತಿಗೂ ವಿಮಾನ ನಗರದ ನಮ್ಮ ಮನೆಯಲ್ಲಿದೆ. ಈಗ ಅದರಲ್ಲಿ ಚಹಾ ಕುಡಿಯುವುದಿಲ್ಲ, ಪೆನ್ನು ಇಡುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಕೂಲಿ ಕೆಲಸದವರ ಹೆಣ್ಣುಮಕ್ಕಳಿಗಾಗಿ ನಮ್ಮ ಬಳಗ ನಡೆಸುವ ವಸತಿಗೃಹದಲ್ಲಿ ಹನ್ನೆರಡು ಸೀಟು. ಅರ್ಜಿ ತುಂಬುವುದು ಊರಿನ ಇನ್ನೊಂದು ತುದಿಯ ಹಡಪಸರದ ನಮ್ಮ ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ. ತುಂಬಿಕೊಡುತ್ತಿದ್ದವಳು ಕಚೇರಿಯ ನಿರ್ವಾಹಕಿ ಶಿವಕಾಂತಾ. ಬಳಗದ ಪಗಾರ ಪಡೆಯುತ್ತಿದ್ದವಳು ಅವಳೊಬ್ಬಳೇ. ಬಂದವರಿಗೆ ಓದಲು ಬಾರದು ಎಂದು, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿಯೇ ಅವಳು ಮುಂದೆ ಹೋಗುತ್ತಿದ್ದಳು.

‘ಮುಗಿಯಿತು’ ಎಂದು ಒತ್ತಿದೊಡನೆ ಆ ವಿಂಡೋ ತಾನಾಗಿಯೇ ಮುಚ್ಚಿಕೊಳ್ಳಬೇಕು. ಅದಕ್ಕೆಂದು ನಾನು ಒಂದು ಸಾಲಿನ ಆಜ್ಞೆ ಬರೆದಿದ್ದೆ. ಆದರೆ ಸಭಿಕರೇ, ಎಲ್ಲ ಬ್ರೌಸರುಗಳೂ ಒಂದೇ ಮಾತು ಕೇಳುವುದಿಲ್ಲ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ನನ್ನ ಮನೆಯ ಬ್ರೌಸರ್, ಹೇಳಿದೊಡನೆ ಮುಚ್ಚುತ್ತಿತ್ತು. ಹಡಪಸರದ ಹೊಸ ಬ್ರೌಸರ್ ‘ನೀನು ತೆರೆಯದ ವಿಂಡೋ ಮುಚ್ಚಲು ನೀನು ಯಾರು?’ ಎಂದು ಸುಮ್ಮನೆ ಕುಳಿತಿತು. ಎರಡರಲ್ಲೂ ಪರೀಕ್ಷಿಸುವುದು ನಮ್ಮ ಕಸುಬಿನ ಮೊದಲ ಪಾಠ. ನಾನು ಪರೀಕ್ಷಿಸಲಿಲ್ಲ.

ಶಿವಕಾಂತಾ ಫೋನ್ ಮಾಡಿದಳು.

‘ಸರ, ಮುಗೀತು ಅಂತ ಒತ್ತಿದ್ರೂ ವಿಂಡೋ ಬಂದ್ ಆಗವಲ್ದರಿ. ಮೊದಲಿನವರ ಅರ್ಜಿ ಹಂಗ ಕಾಣಾಕತ್ತೇದ.’

‘ನಮ್ಮಲ್ಲಿ ಬಂದ್ ಆಗತದವಾ. ನೀನ ಏನೋ ತಪ್ಪು ಒತ್ತಿರಬೇಕು.’

‘ಇಲ್ರಿ ಸರ, ನೀವ ಒಮ್ಮೆ ಬಂದು ನೋಡ್ರಲಾ.’

‘ಇಷ್ಟಕ್ಕ ಹಡಪಸರತನಕಾ ಬರಬೇಕೇನು? ಅದರ ಮ್ಯಾಲೇನ ಮುಂದಿನವರದ ಬರಿ. ಹೊಸಾ ಅರ್ಜಿ ಆಗಿ ಹೋಗತದ.’

ಹೊಸ ಅರ್ಜಿಯಾಗಿ ಹೋಗಲಿಲ್ಲ. ಹಳೆಯದನ್ನು ಅಳಿಸಿ, ಅದೇ ನಂಬರಿನಲ್ಲಿ ಹೋಯಿತು. ಉಳಿದ ದಿನ ಬಂದದ್ದು ಒಂದೊಂದೇ ಅರ್ಜಿ, ಬೆನ್ನುಬೆನ್ನಿಗೆ ಎರಡು ಬಂದದ್ದು ಅಂದು ಮಾತ್ರ. ಹಾಗೆ ಅಳಿಸಿಹೋದದ್ದು ತಿಪ್ಪವ್ವನ ಮಗಳು ಚಿನ್ನುವಿನ ಅರ್ಜಿ. ಯಾದಗಿರಿ ಕಡೆಯ ತಿಪ್ಪವ್ವ ಕಟ್ಟಡದ ಕೆಲಸದವಳು. ಹತ್ತನೆಯ ತರಗತಿ ಪಾಸಾದ ಮಗಳಿಗೆ ಸೀಟಿಲ್ಲ ಎಂದಾಗ ಆಕೆ ಸಮಿತಿಯ ಮುಂದೆ ಬಂದು ಹೇಳಿದಳು: ‘ನಾ ಕಣ್ಣಾರೆ ನೋಡೀನ್ರಿ. ಅಕ್ಕಾರು ನನ್ನ ಮಗಳ ಹೆಸರು ಬರದು, ಓದಿ ಹೇಳ್ಯಾರ.’

ಸಮಿತಿ ಶಿವಕಾಂತಾಳನ್ನು ಕೇಳಿತು. ‘ಸರಗ ಕೇಳೇ ಮಾಡೀನ್ರಿ’ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಹಿಂದಿನ ರಾತ್ರಿಯೇ ತಪ್ಪು ಸಿಕ್ಕಿತ್ತು. ತಿದ್ದಿಯೂ ಆಗಿತ್ತು. ಮುಚ್ಚುವ ಆಜ್ಞೆ ತೆಗೆದು, ಪ್ರತಿ ಅರ್ಜಿಗೂ ಹೊಸ ನಂಬರು ಬೀಳುವಂತೆ ಮಾಡಿ, ಕೊನೆಗೆ ‘ದಯವಿಟ್ಟು ನೀವೇ ಮುಚ್ಚಿರಿ’ ಎಂದು ಸೇರಿಸಿದ್ದೆ. ಮಾರ್ತಾಂಡರಾಯರು ಕೇಳಿದರು: ‘ಹೌದೇನ್ರಿ, ಪ್ರೇಮಕುಮಾರ?’

ನಾನೇನು ಹೇಳಿದೆ? ‘ನನಗ ನೆನಪಿಲ್ರಿ’ ಎಂದೆ.

ಅಷ್ಟೇ ಅಲ್ಲ. ಕಾರ್ಯದರ್ಶಿಯಾಗಿ ಆ ದಿನದ ನಡಾವಳಿ ಬರೆದವನೂ ನಾನೇ: ‘ನಿರ್ವಾಹಕಿಯ ಅಲಕ್ಷ್ಯದಿಂದ ಅರ್ಜಿ ಕಳೆದಿದ್ದು, ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಯಿತು.’ ಅಕ್ಷರ ದುಂಡಗಿವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಅನ್ನಲಿಲ್ಲ, ಪಕ್ಕದಲ್ಲಿ ನಿಂತವಳನ್ನು ಅಂದೆ. ಚಿನ್ನು ಆ ವರ್ಷ ಓದು ಬಿಟ್ಟು ತಾಯಿಯ ಜೊತೆ ಇಟ್ಟಿಗೆ ಹೊತ್ತಳು. ಮರುವರ್ಷ ಸೀಟು ಸಿಕ್ಕಿತು, ನಿಜ. ಕಳೆದುಹೋದ ಆ ವರ್ಷವನ್ನು ಯಾರು ಕೊಡುತ್ತಾರೆ?

ಅಂದಿನಿಂದ ನಾನು ಹಡಪಸರದ ಕಚೇರಿಗೆ ಕಾಲಿಟ್ಟಿಲ್ಲ. ಟ್ರಾಫಿಕ್ ಭಾಳ ಎಂದು ನೆಪ ಹೇಳುತ್ತೇನೆ. ಹೋದ ತಿಂಗಳು ಹೆಂಡತಿಯ ಒತ್ತಾಯಕ್ಕೆ ಅಲ್ಲಿಯ ಒಂದು ಸೀರೆ ಅಂಗಡಿಗೆ ಹೋದರೆ, ಸೀರೆ ಮಡಚುತ್ತ ನಿಂತವಳು ಶಿವಕಾಂತಾ! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ‘ಆರಾಮ ಅದೀರಿಲ್ರಿ ಸರ?’ ಎಂದಳು. ನೀರು ತರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ಈಗರೆ ಬಂದ್ ಆಗತದೇನ್ರಿ, ಆ ವಿಂಡೋ?’

‘ಹೂಂ, ಆಗತದ’ ಎಂದೆ. ಮತ್ತೊಂದು ಸುಳ್ಳು!

ಮಾರ್ತಾಂಡರಾಯರೇ, ಹಣ್ಣಿನ ಬುಟ್ಟಿಯ ಪಕ್ಕ ಇರುವುದು ನಮ್ಮ ನಡಾವಳಿ ಪುಸ್ತಕ. ಅದರಲ್ಲಿ ‘ನಿರ್ವಾಹಕಿಯ ಅಲಕ್ಷ್ಯದಿಂದ’ ಎಂಬುದನ್ನು ಹೊಡೆದು ‘ಕಾರ್ಯದರ್ಶಿಯ ತಪ್ಪಿನಿಂದ ಮತ್ತು ಸುಳ್ಳಿನಿಂದ’ ಎಂದು ಬರೆಯಲು ಈ ಸಭೆಯ ಒಪ್ಪಿಗೆ ಬೇಡುತ್ತೇನೆ. ಶಾಲನ್ನು ಕುರ್ಚಿಯ ಮೇಲೆ ಬಿಟ್ಟಿದ್ದೇನೆ.

ನಿನ್ನೆ ಶಿವಕಾಂತಾಗೆ ಫೋನ್ ಮಾಡಿ ಕಾರ್ಯಕ್ರಮಕ್ಕೆ ಬಾ ಎಂದಿದ್ದೆ. ಯಾಕೆ ಎಂದು ಹೇಳುವ ಧೈರ್ಯ ಬರಲಿಲ್ಲ. ಆದರೂ ಬಂದಿದ್ದಾಳೆ, ಬಾಗಿಲ ಹತ್ತಿರ ನಿಂತಿದ್ದಾಳೆ.

ಶಿವಕಾಂತಾ, ಅದು ಬಂದ್ ಆಗೂದಿಲ್ಲವಾ. ಆವತ್ತೂ ಆಗಿರಲಿಲ್ಲ. ನೀ ನನ್ನ ಕೇಳೇ ಮಾಡಿದ್ದಿ. ನನಗ ಎಲ್ಲಾ ನೆನಪದ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.