ಪ್ರಾಕ್ಟೀಸ್ ರೂಮಿನಲ್ಲಿ ಭಾವ

ಹಲೋ... ಹಾಂ, ಯಾರು ಮಾತಾಡ್ತಿರೋದು?...

ಯಾವ ಭಾವ?... ಓಹೋ, ನಮ್ಮ ಭಾವಾನಾ! ತಪ್ಪು ತಿಳ್ಕೋಬೇಡಿ, ಹೊಸ ಫೋನು. ಬೇಕಾದವರ ನಂಬರ್ ಮಾತ್ರ ಹಾಕ್ಕೊಂಡಿದ್ದೀನಿ. ಹೇಳಿ, ಅಕ್ಕ ಹೇಗಿದ್ದಾಳೆ?...

ಹಾಂ, ಕಾನ್ಫರೆನ್ಸ್ ಈಗ್ತಾನೆ ಮುಗೀತು. ಹೆಸರಿಗೆ ಮಿನಿ, ನಡೆಸೋರಿಗೆ ಸಾಕುಸಾಕಾಗಿ ಹೋಯ್ತು. ಈ ಜಾವಾ ಸರ್ವರ್ ಬರೆಯೋರನ್ನ ಆನ್‌ಲೈನಲ್ಲಿ ಒಟ್ಟಿಗೆ ಕೂರಿಸೋದು ಅಂದ್ರೆ ಸುಮ್ನೇನಾ? ಒಬ್ಬರ ಮೈಕ್ ಆನ್ ಮಾಡಿದ್ರೆ ಇನ್ನೊಬ್ಬರ ಮನೆ ನಾಯಿ ಬೊಗಳತ್ತೆ...

ನಿಮ್ಮ ಭಾಷಣಾನಾ? ಜನ ಏನಂದ್ರು ಅಂತಾನಾ?... ಏನೂ ಅನ್ನಲಿಲ್ಲ ಭಾವ...

ಅಲ್ಲಲ್ಲ, ಚೆನ್ನಾಗಿಲ್ಲ ಅಂತಾನೂ ಅನ್ನಲಿಲ್ಲ. ಹೇಗೆ ಅಂತಾರೆ? ಕೇಳಿಸಿದ್ರೆ ತಾನೇ?...

ಮೈಕ್ ಸರಿಯಾಗೇ ಇತ್ತು. ಕ್ಯಾಮೆರಾನೂ. ಇಸ್ತ್ರಿ ಮಾಡಿದ ನೀಲಿ ಶರ್ಟು, ಹಿಂದೆ ಬಟ್ಟೆ ಬೀರು ಕಾಣಬಾರದು ಅಂತ ಬೆಡ್‌ಶೀಟ್ ಕಟ್ಟಿದ್ರಲ್ಲ, ಎಲ್ಲಾ ಕಾಣ್ತಿತ್ತು ನಂಗೆ. ನಂಗೊಬ್ಬನಿಗೇ. ನೀವಿದ್ದದ್ದು ಪ್ರಾಕ್ಟೀಸ್ ರೂಮಲ್ಲಿ...

ಹೂಂ, ಪ್ರಾಕ್ಟೀಸ್ ರೂಮು. ಮಾತಾಡೋರು ಮೊದಲು ಅಲ್ಲಿ ಮೈಕ್ ನೋಡ್ಕೋತಾರೆ. ಆಮೇಲೆ ನಾನು ಲೈವ್ ಬಟನ್ ಒತ್ತಿದ್ರೆ ಜನರ ಮುಂದೆ ಬರ್ತಾರೆ. ಒತ್ತಲಿಲ್ಲ. ಮರೆತೆ ಅಂತಿಟ್ಕೊಳ್ಳಿ...

ಅಯ್ಯೋ, ನನ್ನ ಮೇಲೆ ಯಾಕೆ ಹಾರಾಡ್ತೀರಾ? ಪರದೆ ಮೇಲ್ಗಡೆ ಅಷ್ಟು ದಪ್ಪಕ್ಷರದಲ್ಲಿ ‘ಪ್ರಾಕ್ಟೀಸ್’ ಅಂತ ಬರೆದಿತ್ತಲ್ಲ! ಬೇರೆಯವರ ಕೋಡಲ್ಲಿ ಒಂದು ಸೆಮಿಕೋಲನ್ ತಪ್ಪಿದ್ರೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕ್ತೀರಿ, ಇದು ಕಾಣಲಿಲ್ವಾ?...

ಮತ್ತೆ ಯಾರೂ ಒಂದೂ ಪ್ರಶ್ನೆ ಕೇಳ್ಲಿಲ್ವಲ್ಲ, ಏನಂದ್ಕೊಂಡ್ರಿ?... ಮೈಮರೆತು ಕೇಳ್ತಿದ್ದಾರೆ ಅಂತಾನಾ?... ಹ್ಹ ಹ್ಹ! ತಡೀರಿ ತಡೀರಿ, ನೀರು ನೆತ್ತಿಗೆ ಹತ್ತಿತು...

ಇಲ್ಲ, ನಗ್ತಾ ಇಲ್ಲ. ನಿಮ್ಮ ಭಾಷಣದ ಆ ಜೋಕು ನೆನಪಾಯ್ತು ಅಷ್ಟೆ. ಬಿದ್ದು ಎದ್ದ ಸರ್ವರ್ ಮದುವೆ ಆದವನ ಹಾಗೆ, ಹಿಂದೆ ಯಾರಿಗೆ ಏನು ಮಾತು ಕೊಟ್ಟಿದ್ದೆ ಅನ್ನೋದೇ ಮರೆತುಬಿಡತ್ತೆ ಅಂತ. ಹೇಳಿ, ಜನ ನಗಲಿ ಅಂತ ಸುಮ್ನೆ ನಿಂತ್ರಿ. ನಿಂತೇ ನಿಂತ್ರಿ. ಕೊನೆಗೆ ನೀವೇ ನಕ್ಕು ಥ್ಯಾಂಕ್ಯೂ ಬೇರೆ ಅಂದ್ರಿ!...

ರೆಕಾರ್ಡಿಂಗಾ? ಪ್ರಾಕ್ಟೀಸ್ ರೂಮಲ್ಲಿ ರೆಕಾರ್ಡ್ ಆಗಲ್ಲ ಭಾವ...

ಜನಾನಾ? ಅವರೆಲ್ಲಾ ಬ್ರೇಕಲ್ಲಿದ್ರು. ಗುರುಗಳ, ಅಂದ್ರೆ ನಿಮ್ಮ, ನೆಟ್ ಕೈಕೊಟ್ಟಿದೆ, ಇನ್ನೊಂದು ಕಾಫಿ ಕುಡ್ಕೊಂಡು ಬನ್ನಿ ಅಂದೆ. ಬಂದ್ಮೇಲೆ, ಇನ್ನು ಕಾಯೋದು ಬೇಡ, ವೋಟ್ ಮುಗಿಸಿಬಿಡೋಣ ಅಂದೆ...

ಹಾಂ, ಅದೇ ವೋಟು. ಸರ್ವರಲ್ಲಿ ನೀವು ಬರೆದ ಸೆಷನ್ ಕೋಡ್ ಉಳಿಸ್ಕೋಬೇಕೋ, ಕಿತ್ತು ನಾನು ಬರೆದದ್ದು ಹಾಕ್ಬೇಕೋ ಅನ್ನೋದು. ಒಂದು ಸರ್ವರ್ ಮಕಾಡೆ ಮಲಗಿದ್ರೆ ಬಳಸೋರ ಕೆಲಸ ಇನ್ನೊಂದು ಎತ್ಕೊಳ್ಳತ್ತೆ, ಅದೇನು ಬ್ರಹ್ಮವಿದ್ಯೆನಾ?... ಗೊತ್ತು ಭಾವ, ಮದುವೆಗೆ ಮುಂಚಿಂದ ಬರೀತಾ ಇದ್ದೀರಿ. ರಜಾ ಅನ್ನದೆ, ಜ್ವರ ಅನ್ನದೆ ಬರೆದಿದ್ದೀರಿ. ಆದ್ರೆ ಇದು ಓಪನ್ ಸೋರ್ಸು, ಯಾರಪ್ಪನ ಮನೆ ಆಸ್ತೀನೂ ಅಲ್ಲ, ಅಲ್ವಾ?...

ಕಿತ್ತುಹಾಕಿದ್ರು. ಒಬ್ರೂ ಉಳಿಸಿ ಅನ್ನಲಿಲ್ಲ. ಕೈಪಿಡಿ ಬರೆಯೋ ಮೇಡಂ ಮಾತ್ರ, ಗುರುಗಳನ್ನ ಒಂದು ಮಾತು ಕೇಳೋಣ ಅಂತ ರಾಗ ತೆಗೆದ್ರು. ಕೇಳಿದ್ದೀನಿ, ಅವರೂ ಒಪ್ಪಿದ್ದಾರೆ ಅಂದೆ...

ಸುಳ್ಳೇ, ಹೂಂ. ಅದಕ್ಕೇನೀಗ?...

ಮತ್ತೆ ವೋಟಾ? ಆಗಲ್ಲ. ಎಲ್ಲರಿಗೂ ಮೇಲ್ ಹೋಗಿದೆ. ನಿಮಗೂ ಬಂದಿರ್ಬೇಕು, ನೋಡಿ. ‘ಇಷ್ಟು ವರ್ಷದ ಸೇವೆಗೆ ನಾವೆಲ್ಲ ಋಣಿ’ ಅಂತ ಇದೆಯಲ್ಲ, ನಾನೇ ಬರೆದಿದ್ದು. ಚೆನ್ನಾಗಿದ್ಯಾ?...

ಅಕ್ಕಂಗೆ ಹೇಳ್ತೀರಾ? ಹೇಳಿ. ನೀವು ಮುಗಿಸಿದಾಗ ಚಪ್ಪಾಳೆ ಕೇಳಿಸ್ತು, ಅವಳೇ ತಾನೇ? ಪಾಪ, ಗಂಡನ ಮಾತು ಊರೆಲ್ಲಾ ಕೇಳ್ತು ಅಂದ್ಕೊಂಡಿರ್ತಾಳೆ. ಹೇಳೋ ಧೈರ್ಯ ಇದ್ರೆ ಹೇಳಿ...

ಯಾಕೆ ಅಂತಾನಾ?... ಹೂಂ, ಊಟದ ಟೇಬಲ್ ಹತ್ರ ಕೂರಿಸ್ಕೊಂಡು ಜಾವಾ ಕಲಿಸಿದ್ರಿ, ಮರೆತಿಲ್ಲ. ಮರೆಯೋಕೆ ಬಿಡ್ತಾರಾ? ಎಲ್ಲರ ಬಾಯಲ್ಲೂ ನೀವು ಗುರುಗಳು. ನಂಗೇನಂತಾರೆ ಗೊತ್ತಾ? ‘ಗುರುಗಳ ಬಾಲ.’ ನಾನು ಏನು ಬರೆದ್ರೂ, ಬಾಲ ಬರೆದಿದ್ಯಂತೆ, ಗುರುಗಳು ನೋಡಿದ್ರಾ ಅಂತಾರೆ. ಇವತ್ತೂ ನೀವು ಕೊನೇಲಿ, ಮುಂದೆ ಇದನ್ನೆಲ್ಲ ನನ್ನ ಬಾಮೈದ ನೋಡ್ಕೋತಾನೆ, ಅವನ ಕೈಲಿ ಇಡ್ತಿದ್ದೀನಿ, ಅಂದ್ರಿ. ಯಾರು ಕೇಳಿದ್ರು ನಿಮ್ಮ ಎಂಜಲು?...

ಹಲೋ?... ಇದ್ದೀರಾ?... ಅಳ್ತಿದ್ದೀರಾ ಭಾವ? ಈ ವಯಸ್ಸಲ್ಲಿ?...

ಏನು? ಜೋರಾಗಿ ಹೇಳಿ... ನಾನಾದ್ರೂ ಕೇಳಿದ್ನಾ ಅಂತಾನಾ?...

ಹಾಂ, ಕೇಳ್ದೆ. ನನ್ನ ಕ್ಯಾಮೆರಾ ಆಫ್ ಮಾಡ್ಕೊಂಡು ಮೊದಲಿಂದ ಕೊನೇವರೆಗೂ ಕೇಳ್ದೆ...

ಹೇಗಿತ್ತು ಅಂದ್ರೆ?... ಹೇಳ್ಲೇಬೇಕಾ?...

ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು ಭಾವ. ಆ ಜನ ಕೇಳಿದ್ದಿದ್ರೆ ನಂದಕ್ಕೆ ಒಂದು ವೋಟೂ ಬೀಳ್ತಿರ್ಲಿಲ್ಲ. ನೀವು ಶುರು ಮಾಡಿದಾಗ ನನ್ನ ಬೆರಳು ಬಟನ್ ಮೇಲೇ ಇತ್ತು. ಒಂದೆರಡು ಮಾತು ಕೇಳಿ ಒತ್ತೋಣ ಅಂದ್ಕೊಂಡೆ. ಕೇಳ್ದೆ. ಬೆರಳು ತೆಗೆದೆ...

ಹಲೋ?... ಭಾವ?... ಹಲೋ, ಕೇಳಿಸ್ತಿದ್ಯಾ?...